ಡ್ರೋನ್ ಚಿತ್ರೀಕರಣದ ದರವನ್ನು ಯಾವ ಲೆಕ್ಕದ ಮೇಲೆ ನಿಗದಿ ಮಾಡುತ್ತೀರಿ?

ಬೆಣ್ಣೆನಗರಿ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಹನ್ನೊಂದು ವರ್ಷಗಳಿಂದ ಮದುವೆ ಛಾಯಾಗ್ರಹಣ ಮಾಡಿಕೊಂಡು ಬಂದವನು. ಕಳೆದ ವರ್ಷ 249 ಗ್ರಾಂ ತೂಕದ ಡ್ರೋನ್ ಒಂದನ್ನು ಮೂರು ಬ್ಯಾಟರಿಗಳ ಸಹಿತ 1,10,000 ರೂಪಾಯಿಗೆ ಕೊಂಡೆ. ಒಂದು ಮದುವೆಗೆ 3,500 ರೂಪಾಯಿ ತೆಗೆದುಕೊಳ್ಳುತ್ತೇನೆ. ಇದೇ ಊರಿನಲ್ಲಿ 2,500ಕ್ಕೆ ಹಾರಿಸಿ ಕೊಡುವವರು ಇರುವುದರಿಂದ ಅದಕ್ಕಿಂತ ಹೆಚ್ಚು ಕೇಳಲು ಧೈರ್ಯ ಸಾಲುತ್ತಿಲ್ಲ. ಈಗ ಹರಿಹರದ ಕಡೆಯ ರೈಸ್ ಮಿಲ್ ಮಾಲೀಕರೊಬ್ಬರು ಪ್ರಚಾರದ ವಿಡಿಯೊ ಕೇಳಿದ್ದಾರೆ. ಹೊಸ ಬಡಾವಣೆ ಮಾಡುತ್ತಿರುವ ಇನ್ನೊಬ್ಬರು ರಸ್ತೆ, ಚರಂಡಿ ಕೆಲಸ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಪ್ರತಿ ತಿಂಗಳೂ ಮೇಲಿನಿಂದ ತೆಗೆದು ಕೊಡಬೇಕೆಂದಿದ್ದಾರೆ. ಹಾರಾಟ ಇಪ್ಪತ್ತು ನಿಮಿಷವೇ ಆದರೂ ಅರ್ಧ ದಿನ ಅಲ್ಲಿಯೇ ಕಳೆಯುತ್ತದೆ. ಇಂತಹ ಕೆಲಸಗಳಿಗೆ ನಿಮಿಷದ ಲೆಕ್ಕವೋ, ದಿನದ ಲೆಕ್ಕವೋ? ಅನುಭವಸ್ಥರು ದಯವಿಟ್ಟು ತಿಳಿಸಿ.

ಸೂಳೆಕೆರೆ ದಡ (ಚನ್ನಗಿರಿ):

ನಿಮಿಷದ ಲೆಕ್ಕವನ್ನು ಈಗಲೇ ಬಿಟ್ಟುಬಿಡಿ. ನಿಮ್ಮದೇ ಅಂಕಿಗಳನ್ನು ಇಟ್ಟುಕೊಂಡು ನೋಡೋಣ. ಉಪಕರಣ ಎರಡು ವರ್ಷ ಬಾಳುತ್ತದೆ, ವರ್ಷಕ್ಕೆ 55 ದಿನ ಹಾರುತ್ತದೆ ಎಂದು ಹಿಡಿದರೆ 110 ದಿನಗಳಾದವು. ಅಂದರೆ ಡ್ರೋನ್ ಮೇಲೇರಿದ ಪ್ರತಿ ದಿನವೂ ನಿಮ್ಮ ಬಂಡವಾಳದಿಂದ 1,000 ರೂಪಾಯಿ ಸವೆಯುತ್ತದೆ. ಬ್ಯಾಟರಿಗಳನ್ನು ಬದಲಿಸಲು 300, ರೆಕ್ಕೆ ಮತ್ತು ರಿಪೇರಿಗೆಂದು ತೆಗೆದಿಡಲು 400, ಪೆಟ್ರೋಲ್‌ಗೆ 600, ಡ್ರೋನ್ ಮೇಲೆ ಕಣ್ಣಿಟ್ಟು ಜನರನ್ನು ದೂರ ನಿಲ್ಲಿಸುವ ಸಹಾಯಕನಿಗೆ 700, ಎಡಿಟರ್‌ಗೆ 1,000 ಸೇರಿಸಿದರೆ ನಿಮ್ಮ ಸ್ವಂತ ದುಡಿಮೆಗೆ ಒಂದು ರೂಪಾಯಿಯನ್ನೂ ಇಡುವ ಮೊದಲೇ ಮೊತ್ತ 4,000 ಮುಟ್ಟುತ್ತದೆ. 3,500ಕ್ಕೆ ನೀವು ಮಾಡಿಕೊಟ್ಟ ಪ್ರತಿ ಮದುವೆಯಲ್ಲೂ ಕೈಯಿಂದ 500 ಹಾಕಿದ್ದೀರಿ; ಕ್ಯಾಮೆರಾ ಕೆಲಸದ ಲಾಭ ಅದನ್ನು ಮುಚ್ಚಿಹಾಕಿದ್ದರಿಂದ ಅದು ನಿಮ್ಮ ಗಮನಕ್ಕೆ ಬಂದಿಲ್ಲ. 2,500ಕ್ಕೆ ಒಪ್ಪಿಕೊಳ್ಳುವವರ ಬಗ್ಗೆ ನನಗೆ ಬೇಸರವಿಲ್ಲ, ಆದರೆ ಡ್ರೋನ್ ಒಮ್ಮೆ ಬಿದ್ದರೆ ಅವರಲ್ಲಿ ಹೆಚ್ಚಿನವರಿಗೆ ಮತ್ತೊಂದನ್ನು ಕೊಳ್ಳುವ ಶಕ್ತಿ ಇರುವುದಿಲ್ಲ ಎಂಬುದನ್ನು ಕಂಡಿದ್ದೇನೆ.

ಮಿಲ್ಲಿನ ಕೆಲಸ ಮದುವೆಯಂತಲ್ಲ. ಆ ವಿಡಿಯೊವನ್ನು ಅವರು ವರ್ಷಗಟ್ಟಲೆ ವ್ಯಾಪಾರಕ್ಕೆ ಬಳಸುತ್ತಾರೆ, ಎರಡು ಮೂರು ಸಲ ತಿದ್ದಿಸುತ್ತಾರೆ. ಆದ್ದರಿಂದ ಎಷ್ಟು ನಿಮಿಷದ ವಿಡಿಯೊ, ಎಷ್ಟು ಚಿತ್ರಗಳು, ಎಷ್ಟು ಸಲ ತಿದ್ದುಪಡಿ ಎಂಬುದನ್ನು ಮೊದಲೇ ಬರೆದುಕೊಟ್ಟು, ಒಟ್ಟು ಕೆಲಸಕ್ಕೆ ಒಂದು ಮೊತ್ತವನ್ನು ಹೇಳಿ, ಅರ್ಧವನ್ನು ಮುಂಗಡವಾಗಿ ಪಡೆಯಿರಿ. ಬಡಾವಣೆಯ ಕೆಲಸವನ್ನು ಮಾತ್ರ ದಯವಿಟ್ಟು ಕೈಬಿಡಬೇಡಿ. ಪ್ರತಿ ತಿಂಗಳೂ ಅದೇ ಜಾಗದಿಂದ, ಅದೇ ಎತ್ತರದಿಂದ, ಅದೇ ದಿಕ್ಕಿಗೆ ತೆಗೆದ ಹನ್ನೆರಡು ಚಿತ್ರಗಳನ್ನು ಸಾಲಾಗಿ ಇಟ್ಟಾಗಲೇ ಅದರ ಬೆಲೆ ಮಾಲೀಕರಿಗೆ ಅರಿವಾಗುತ್ತದೆ. ಲಗ್ನಗಳಿಲ್ಲದ ಆಷಾಢದಲ್ಲೂ ಹಣ ತರುವ ಕೆಲಸ ಅದೊಂದೇ ಆಗಿರುವುದರಿಂದ, ವರ್ಷದ ಒಪ್ಪಂದವಾದರೆ ದರವನ್ನು ಸ್ವಲ್ಪ ಇಳಿಸಿದರೂ ನಷ್ಟವಿಲ್ಲ. ಒಂದು ಎಚ್ಚರಿಕೆ: ಅವರು ಚಿತ್ರದ ಮೇಲೆ ಗೆರೆ ಎಳೆದು ಸೈಟಿನ ಗಡಿ ತೋರಿಸಿ ಎಂದು ಕೇಳಬಹುದು. ಹದ್ದುಬಸ್ತು ಮಾಡಬೇಕಾದವರು ಭೂಮಾಪನ ಇಲಾಖೆಯವರು. ನಿಮ್ಮ ಚಿತ್ರ ಗಡಿಗೆ ಪುರಾವೆಯಲ್ಲ ಎಂದು ಬಿಲ್ಲಿನಲ್ಲಿಯೇ ಬರೆಯಿರಿ.

ಕೋಟೆನಾಡು (ಚಿತ್ರದುರ್ಗ):

ಮೇಲಿನವರ ಲೆಕ್ಕ ಸರಿಯಾಗಿದೆ, ಆದರೆ ಅದರಲ್ಲಿ ಗಾಳಿಯನ್ನು ಸೇರಿಸಿಲ್ಲ. ಜೋಗಿಮಟ್ಟಿಯ ಸುತ್ತ ಸಾಲುಸಾಲಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. 249 ಗ್ರಾಂ ವರ್ಗದ ಹಲವು ಡ್ರೋನ್‌ಗಳ ಕೈಪಿಡಿಯಲ್ಲಿ ಗಾಳಿಯ ಮಿತಿ ಸೆಕೆಂಡಿಗೆ 10.7 ಮೀಟರ್, ಅಂದರೆ ಗಂಟೆಗೆ ಸುಮಾರು 38 ಕಿಲೋಮೀಟರ್ ಎಂದಿರುತ್ತದೆ. ನೆಲದ ಮೇಲೆ ಎಲೆ ಅಲುಗುವಷ್ಟೇ ಗಾಳಿ ಇದ್ದರೂ ನೂರು ಮೀಟರ್ ಮೇಲೆ ಅದು ಬಹಳ ಜೋರಾಗಿರಬಹುದು. ಮೂರು ವರ್ಷದ ಹಿಂದೆ ಹಿರಿಯೂರು ರಸ್ತೆಯ ಬದಿಯಲ್ಲಿ ನಾನು ಗಾಳಿ ಬೀಸುವ ದಿಕ್ಕಿಗೇ ಡ್ರೋನನ್ನು ಒಂದೂವರೆ ಕಿಲೋಮೀಟರ್ ಕಳಿಸಿ, ಹಿಂದಿರುಗುವಾಗ ಎದುರುಗಾಳಿಗೆ ಅದು ನಿಂತಲ್ಲಿಯೇ ನಿಂತಂತಾಗಿ, ಬ್ಯಾಟರಿ ಮುಗಿದು ಮೆಕ್ಕೆಜೋಳದ ಹೊಲದಲ್ಲಿ ಇಳಿಯಿತು. ಆಳೆತ್ತರದ ಬೆಳೆಯಲ್ಲಿ ಎರಡು ದಿನ ಹುಡುಕಿದೆವು. ಅಂದಿನಿಂದ ಹೋಗುವಾಗ ಗಾಳಿಗೆ ಎದುರಾಗಿ ಹೋಗುತ್ತೇನೆ, ಬರುವಾಗ ಗಾಳಿಯೇ ತರುತ್ತದೆ. ಬ್ಯಾಟರಿ ಶೇಕಡಾ 30ಕ್ಕೆ ಬರುವ ಮೊದಲೇ ಹಿಂದಕ್ಕೆ ತಿರುಗಿಸುತ್ತೇನೆ.

ದರಕ್ಕೂ ಇದಕ್ಕೂ ಸಂಬಂಧವಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಒಪ್ಪಿಕೊಂಡ ಕೆಲಸಕ್ಕೆ ಎರಡನೆಯ ದಿನಾಂಕವನ್ನೂ ಬರೆಸಿಕೊಳ್ಳಿ. ಸ್ಥಳಕ್ಕೆ ಹೋದ ಮೇಲೆ ಗಾಳಿ ಅಥವಾ ಮಳೆಯಿಂದ ಹಾರಿಸಲಾಗದಿದ್ದರೆ ಪ್ರಯಾಣದ ಖರ್ಚನ್ನು ಮಾತ್ರ ಪಡೆದು, ಎರಡನೆಯ ದಿನ ಬೇರೆ ಹಣವಿಲ್ಲದೆ ಬರುವುದಾಗಿ ಹೇಳಿ. ಈ ಮಾತು ಮೊದಲೇ ಆಗಿದ್ದರೆ, ಮಾಲೀಕರು ಎದುರು ನಿಂತು ಒತ್ತಾಯಿಸಿದರೂ ಹಾರಿಸುವುದಿಲ್ಲ ಎನ್ನುವ ಧೈರ್ಯ ನಿಮಗಿರುತ್ತದೆ.

ನಾಯಕನಹಟ್ಟಿ ದಾರಿ (ಚಳ್ಳಕೆರೆ):

ನಿಯಮಗಳ ವಿಷಯವನ್ನು ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ ವರ್ಗ. ಅದಕ್ಕೆ ಪೈಲಟ್ ಪ್ರಮಾಣಪತ್ರವಾಗಲಿ ಮೂರನೆಯ ವ್ಯಕ್ತಿಯ ವಿಮೆಯಾಗಲಿ ಕಡ್ಡಾಯವಿಲ್ಲ. ಗಾಳಿ ತಡೆಯುವುದಿಲ್ಲವೆಂದು ದೊಡ್ಡದನ್ನು ಕೊಂಡು ಹಣಕ್ಕಾಗಿ ಹಾರಿಸಿದರೆ ಎರಡೂ ಬೇಕು. ಪ್ರಮಾಣಪತ್ರಕ್ಕೆ ಹತ್ತನೆಯ ತರಗತಿ ಪಾಸಾಗಿದ್ದು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಮುಗಿಸಿರಬೇಕು. ಅದು ಹತ್ತು ವರ್ಷ ನಡೆಯುತ್ತದೆ. ಆ ಖರ್ಚನ್ನೂ ದರದಲ್ಲಿ ಸೇರಿಸಿ. 2022ರ ಫೆಬ್ರವರಿಯಲ್ಲಿ ವಿದೇಶದ ಸಿದ್ಧ ಡ್ರೋನ್‌ಗಳ ಆಮದನ್ನು ನಿಷೇಧಿಸಲಾಗಿದೆ, ಬಿಡಿಭಾಗಗಳಿಗೆ ಮಾತ್ರ ಆ ನಿಷೇಧವಿಲ್ಲ. ಆದ್ದರಿಂದ ಬಿಲ್ ಇಲ್ಲದ ಮಾಲನ್ನು ಅಗ್ಗವೆಂದು ಕೊಳ್ಳಬೇಡಿ.

ಹಸಿರು ವಲಯದಲ್ಲಿ (ಹಾರಾಟಕ್ಕೆ ಮುಂಚಿತ ಅನುಮತಿ ಬೇಡದ ಪ್ರದೇಶ) 400 ಅಡಿಯವರೆಗೆ ಹಾರಿಸಬಹುದು, ಆದರೆ ಪ್ರತಿ ಕೆಲಸಕ್ಕೂ ಮುನ್ನ ಸರ್ಕಾರದ ವಾಯುಪ್ರದೇಶ ನಕ್ಷೆಯನ್ನು ನೋಡಲೇಬೇಕು. ನಮ್ಮ ಚಳ್ಳಕೆರೆಯ ಬಳಿ 2017ರಲ್ಲಿ ಉದ್ಘಾಟನೆಯಾದ ಡಿಆರ್‌ಡಿಒ ಪರೀಕ್ಷಾ ವಲಯವಿದೆ. ಮಾನವರಹಿತ ವಿಮಾನಗಳನ್ನು ಅಲ್ಲಿ ಪರೀಕ್ಷಿಸುತ್ತಾರೆ. ಆ ಕಡೆಯ ಹೊಲದ ಮದುವೆಯೆಂದರೆ ನಾನು ನಕ್ಷೆ ನೋಡದೆ ಮುಂಗಡವನ್ನು ಮುಟ್ಟುವುದಿಲ್ಲ. ಪ್ರೀ-ವೆಡ್ಡಿಂಗ್‌ಗೆ ಎಲ್ಲರೂ ಕೇಳುವ ಚಿತ್ರದುರ್ಗದ ಕೋಟೆ ಮತ್ತು ಸಂತೆಬೆನ್ನೂರಿನ ಪುಷ್ಕರಣಿ ಎರಡೂ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ. ಅನುಮತಿ ಪತ್ರ ಕೈಗೆ ಬರುವವರೆಗೆ ಆ ಸ್ಥಳಗಳಿಗೆ ದರ ಹೇಳುವುದು ಬೇಡ.

ಬೆಣ್ಣೆನಗರಿ (ದಾವಣಗೆರೆ):

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಕೈಯಿಂದ 500 ಹೋಗುತ್ತಿತ್ತೆಂಬುದನ್ನು ಓದಿ ರಾತ್ರಿಯೇ ಹಳೆಯ ಡೈರಿ ತೆಗೆದು ನೋಡಿದೆ; ಲೆಕ್ಕ ನಿಜವಾಗಿತ್ತು. ಮುಂದಿನ ಲಗ್ನಗಳಿಂದ ಮದುವೆಗೆ 6,000 ಎಂದು ನಿರ್ಧರಿಸಿದ್ದೇನೆ. ಮಿಲ್ ಮಾಲೀಕರಿಗೆ ಮೂರು ನಿಮಿಷದ ವಿಡಿಯೊ, ಹತ್ತು ಚಿತ್ರ, ಎರಡು ತಿದ್ದುಪಡಿಗೆ 14,000 ಎಂದು ಬರೆದು ಕಳಿಸಿದೆ. ಅವರು 12,000ಕ್ಕೆ ಕೇಳಿದರು. ನಾನು ಮೊತ್ತವನ್ನು ಇಳಿಸದೆ ಐದು ಚಿತ್ರಗಳನ್ನು ಹೆಚ್ಚಿಸಿದೆ, ಒಪ್ಪಿದ್ದಾರೆ. ಬಡಾವಣೆಯವರಿಗೆ ತಿಂಗಳಿಗೆ 6,500ರಂತೆ ವರ್ಷದ ಒಪ್ಪಂದದ ಕರಡನ್ನು ಕೊಟ್ಟಿದ್ದೇನೆ. ಅದರಲ್ಲಿ ಹದ್ದುಬಸ್ತಿನ ಮಾತೂ ಗಾಳಿಯ ಮಾತೂ ಇವೆ. ಅವರ ಉತ್ತರ ಬಂದ ಮೇಲೆ ಇಲ್ಲಿಯೇ ತಿಳಿಸುತ್ತೇನೆ.