ಜರ್ಮನಿಯ ಕ್ಯೋಫ್ 2 ಶಂಟಿಂಗ್ ಲೋಕೊ ಲೆಗೊ ಇಟ್ಟಿಗೆಯಲ್ಲಿ: ಎರಡೂ ಆಕ್ಸಲ್‌ಗಳನ್ನು ತಿರುಗಿಸುವುದು ಹೇಗೆ?

ಲೂಪರ್ ಮೆಕ್ಯಾನಿಕ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಯಂತ್ರ ರಿಪೇರಿ ಮಾಡುವುದು ನನ್ನ ಕೆಲಸ. ಓವರ್‌ಲಾಕ್ ಯಂತ್ರ, ಸೊಂಟಪಟ್ಟಿ ಹೊಲಿಯುವ ಯಂತ್ರ, ಕಾಜಾ ಯಂತ್ರ, ಎಲ್ಲವನ್ನೂ ಬಿಚ್ಚಿ ಜೋಡಿಸುತ್ತೇನೆ. ರಾತ್ರಿ ಊಟವಾದ ಮೇಲೆ ಮಗಳ ಜೊತೆ ಕುಳಿತು ಲೆಗೊ ರೈಲು ಕಟ್ಟುತ್ತೇನೆ. ಈಗ ಕಟ್ಟುತ್ತಿರುವುದು ಜರ್ಮನಿಯ ಕ್ಯೋಫ್ 2.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದು 1930ರ ದಶಕದಲ್ಲಿ ಜರ್ಮನ್ ರೈಲ್ವೆ ಸಣ್ಣ ನಿಲ್ದಾಣಗಳಿಗಾಗಿ ತಂದ ಪುಟ್ಟ ಡೀಸೆಲ್ ಎಂಜಿನ್. ಅದಕ್ಕೂ ಮೊದಲು ಒಂದೆರಡು ವ್ಯಾಗನ್ ಬಿಡಬೇಕಾದ ಕಡೆಯಲ್ಲೆಲ್ಲ ಗೂಡ್ಸ್ ಗಾಡಿಯ ದೊಡ್ಡ ಎಂಜಿನ್ನೇ ನಿಂತು ಶಂಟಿಂಗ್ (ವ್ಯಾಗನ್‌ಗಳನ್ನು ಹಿಂದೆ ಮುಂದೆ ಸರಿಸಿ ಬಿಡಿಸುವ, ಜೋಡಿಸುವ ಕೆಲಸ) ಮಾಡಬೇಕಿತ್ತು, ಇಡೀ ಗಾಡಿ ಕಾಯಬೇಕಿತ್ತು. ಕ್ಯೋಫ್ ಬಂದ ಮೇಲೆ ನಿಲ್ದಾಣದವರೇ ತಮ್ಮ ವ್ಯಾಗನ್‌ಗಳನ್ನು ಸರಿಸಿಕೊಳ್ಳತೊಡಗಿದರು. ಒಂದು ತುದಿಯ ಬಫರ್‌ನಿಂದ (ಡಿಕ್ಕಿಯ ಪೆಟ್ಟು ತಡೆಯುವ ತಟ್ಟೆ) ಇನ್ನೊಂದು ತುದಿಯ ಬಫರ್‌ಗೆ ಆರೂವರೆ ಮೀಟರ್ ಕೂಡ ಇಲ್ಲ. ಎರಡೇ ಆಕ್ಸಲ್. ಹೆಚ್ಚಿನವುಗಳ ಶಕ್ತಿ 128 ಅಶ್ವಶಕ್ತಿ, ವೇಗ ಗಂಟೆಗೆ 30 ಕಿಲೋಮೀಟರ್. ಹೈಡ್ರಾಲಿಕ್ ಗೇರ್‌ಬಾಕ್ಸ್‌ನಿಂದ ಎರಡೂ ಆಕ್ಸಲ್‌ಗಳಿಗೆ ರೋಲರ್ ಚೈನ್ ಹೋಗುತ್ತದೆ. ಈ ಚೈನ್ ಇರುವುದಕ್ಕೇ ನಾನು ಈ ಲೋಕೊವನ್ನು ಆರಿಸಿಕೊಂಡೆ.

ಈಗಿನ ಸ್ಥಿತಿ ಹೀಗಿದೆ. ಮುಂದಿನ ತಗ್ಗು ಮೂತಿಯೊಳಗೆ ಬ್ಯಾಟರಿ ಹಬ್ ಕೂತಿದೆ. ಅದು ನಾಲ್ಕು ಉಬ್ಬು (ಇಟ್ಟಿಗೆಯ ಮೇಲಿನ ಗುಂಡಿ) ಅಗಲ, ಎಂಟು ಉಬ್ಬು ಉದ್ದ, ಆದ್ದರಿಂದ ಮೂತಿಯ ಗೋಡೆಗೆ ಎರಡೂ ಬದಿ ಒಂದೊಂದು ಉಬ್ಬಿನ ಜಾಗ ಮಾತ್ರ ಉಳಿದಿದೆ. ಹಿಂದಿನ ಕ್ಯಾಬಿನ್‌ನಲ್ಲಿ ಲೆಗೊದ ಮಧ್ಯಮ ಗಾತ್ರದ ಎಂ ಮೋಟರನ್ನು ನೆಟ್ಟಗೆ ನಿಲ್ಲಿಸಿ, ಬೆವೆಲ್ ಗೇರ್ (ತಿರುಗುವಿಕೆಯನ್ನು ಅಡ್ಡದಿಕ್ಕಿಗೆ ಒಯ್ಯುವ ಓರೆ ಹಲ್ಲಿನ ಗೇರ್) ಮೂಲಕ ಹಿಂದಿನ ಆಕ್ಸಲ್ ತಿರುಗಿಸುತ್ತಿದ್ದೇನೆ. ಎರಡು ವ್ಯಾಗನ್ ಸರಾಗವಾಗಿ ಎಳೆಯುತ್ತದೆ. ಮೂರನೆಯದು ಸೇರಿದರೆ ತಿರುವಿನಲ್ಲಿ ಹಿಂದಿನ ಗಾಲಿ ನಿಂತಲ್ಲೇ ಸುತ್ತುತ್ತದೆ. ಹೊರಡುವಾಗಲೂ ಜಿಗಿದು ಹೊರಡುತ್ತದೆ. ಶಂಟಿಂಗ್ ಲೋಕೊ ಜಿಗಿಯಬಾರದು. ತೂಕಕ್ಕೆ ಹೆಗಲು ಕೊಟ್ಟು ನಿಧಾನವಾಗಿ ಕದಲಬೇಕು. ಅದು ಬಾರದಿದ್ದರೆ ಬಣ್ಣ ಎಷ್ಟು ಚೆನ್ನಾಗಿದ್ದರೂ ನನಗೆ ಸಮಾಧಾನವಿಲ್ಲ.

ಲೆಗೊದ ಪ್ಲಾಸ್ಟಿಕ್ ಚೈನ್ ಹಾಕಿ ಎರಡೂ ಆಕ್ಸಲ್ ಸೇರಿಸಿದರೆ ಬಾಳುತ್ತದೆಯೇ? ಮಾಡಿದವರು ಇದ್ದರೆ ತಿಳಿಸಿ.

ಕೆಂಪಿಟ್ಟಿಗೆ, ಕೊಪ್ಪಳ

ಅಣ್ಣ, ನೇರವಾಗಿ ಹೇಳುತ್ತೇನೆ, ಸಿದ್ಧ ರೈಲು ಮೋಟರ್ ತೆಗೆದುಕೊಳ್ಳಿ. ಗಾಲಿ, ಗೇರ್, ಮೋಟರ್ ಎಲ್ಲ ಒಂದೇ ಡಬ್ಬಿಯಲ್ಲಿ ಬರುತ್ತದೆ, ಎರಡೂ ಆಕ್ಸಲ್ ತಿರುಗುತ್ತವೆ, ಗಾಲಿಗೆ ರಬ್ಬರ್ ಉಂಗುರ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ನಿಮ್ಮ ಕ್ಯಾಬಿನ್ ಖಾಲಿ ಉಳಿಯುತ್ತದೆ. ಒಳಗೆ ಚಾಲಕನನ್ನು ಕೂರಿಸಬಹುದು, ಕಿಟಕಿಯಿಂದ ಆಚೆಬದಿ ಕಾಣುತ್ತದೆ. ನನ್ನ ಮಗ ಮೊದಲು ನೋಡುವುದೇ ಒಳಗೆ ಯಾರು ಕುಳಿತಿದ್ದಾರೆ ಎಂದು.

ಬಣ್ಣದ ವಿಷಯದಲ್ಲಿ ಒಂದು ಮಾತು. ನನ್ನ ತವರು ಕಿನ್ನಾಳ. ಮರದ ಗೊಂಬೆಗೆ ಬಣ್ಣ ಹಚ್ಚುವವರನ್ನು ನೋಡುತ್ತ ಬೆಳೆದವಳು. ಯುದ್ಧಾನಂತರ ಪಶ್ಚಿಮ ಜರ್ಮನಿಯಲ್ಲಿ ಕ್ಯೋಫ್‌ಗಳು ಓಡಿದ್ದು ದಟ್ಟ ಕೆಂಪಿನಲ್ಲಿ. ದಟ್ಟ ಕೆಂಪು ಇಟ್ಟಿಗೆ ಸಾಲದಿದ್ದರೆ ಸಾದಾ ಕೆಂಪನ್ನು ನಡುನಡುವೆ ತುರುಕಬೇಡಿ. ಇಡೀ ಲೋಕೊವನ್ನೇ ಸಾದಾ ಕೆಂಪಿನಲ್ಲಿ ಕಟ್ಟಿ, ಅದು ಕಣ್ಣಿಗೆ ಹಿತ. ಎರಡು ಕೆಂಪು ಅಕ್ಕಪಕ್ಕ ಬಂದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ.

ಲೂಪರ್ ಮೆಕ್ಯಾನಿಕ್, ಬಳ್ಳಾರಿ

ಅಕ್ಕ, ಬಣ್ಣದ ಮಾತು ಒಪ್ಪಿದೆ, ಪೂರ್ತಿ ಸಾದಾ ಕೆಂಪಿಗೇ ಹೋಗುತ್ತೇನೆ. ಸಿದ್ಧ ಮೋಟರ್ ಮಾತ್ರ ಬೇಡ. ಅದರ ಎರಡು ಆಕ್ಸಲ್‌ಗಳ ಅಂತರ ಅವರು ಕೊಟ್ಟಷ್ಟೇ, ನಾವು ಬದಲಿಸುವ ಹಾಗಿಲ್ಲ. ಗೇರ್ ಹಲ್ಲು ಕೂಡ ನಮ್ಮ ಕೈಯಲ್ಲಿಲ್ಲ. ಶಕ್ತಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎನ್ನುವುದು ಮಗಳಿಗೆ ಕಾಣಬೇಕು. ಮುಚ್ಚಿದ ಡಬ್ಬಿಯಲ್ಲಿ ಅವಳಿಗೆ ತೋರಿಸಲು ಏನೂ ಇಲ್ಲ.

ಹಲ್ಲುಗಾಲಿ ಮೇಷ್ಟ್ರು, ರಾಯಚೂರು

ಮೆಕ್ಯಾನಿಕ್ ಅವರೇ, ನಾನು ಪಾಲಿಟೆಕ್ನಿಕ್‌ನಲ್ಲಿ ಯಂತ್ರಶಾಸ್ತ್ರ ಕಲಿಸುತ್ತೇನೆ. ಮೊದಲು ಅಳತೆ ನೋಡೋಣ, ಉತ್ತರ ಅಲ್ಲಿಂದಲೇ ಹೊರಡುತ್ತದೆ.

ಅಸಲಿ ಕ್ಯೋಫ್ 2ರ ಗಾಲಿಯ ವ್ಯಾಸ 850 ಮಿಲಿಮೀಟರ್. 48ರಿಂದ ಭಾಗಿಸಿದರೆ 17.7 ಬರುತ್ತದೆ. ಲೆಗೊದ ಸಣ್ಣ ರೈಲು ಗಾಲಿಯೂ ಹೆಚ್ಚು ಕಡಿಮೆ ಅಷ್ಟೇ. ಹಾಗಾಗಿ 1:48 ಅಳತೆ ಹಿಡಿಯಿರಿ. ಆಕ್ಸಲ್‌ಗಳ ಅಂತರ ಅಸಲಿಯಲ್ಲಿ ಎರಡೂವರೆ ಮೀಟರ್, ನಿಮ್ಮಲ್ಲಿ 52 ಮಿಲಿಮೀಟರ್. ಒಂದು ಉಬ್ಬಿಗೆ 8 ಮಿಲಿಮೀಟರ್ ಎಂದರೆ ಆರೂವರೆ ಉಬ್ಬು. ಆರು ಇಟ್ಟರೂ ಸರಿ, ಏಳು ಇಟ್ಟರೂ ಸರಿ. ಒಟ್ಟು ಉದ್ದ ಸುಮಾರು 17 ಉಬ್ಬು.

ಇನ್ನು ವೇಗ. ಎಂ ಮೋಟರ್ 9 ವೋಲ್ಟ್‌ನಲ್ಲಿ ಭಾರವಿಲ್ಲದೆ ನಿಮಿಷಕ್ಕೆ 400 ಸುತ್ತಿನ ಆಸುಪಾಸು ತಿರುಗುತ್ತದೆ. ಗಾಲಿಯ ಸುತ್ತಳತೆ 55 ಮಿಲಿಮೀಟರ್ ಎಂದು ಹಿಡಿಯಿರಿ. ಮೋಟರಿನಿಂದ ಆಕ್ಸಲ್‌ಗೆ ಒಂದಕ್ಕೊಂದು ಗೇರ್ ಇದ್ದರೆ ನಿಮಿಷಕ್ಕೆ 22 ಮೀಟರ್ ಓಡುತ್ತದೆ. 48ರಿಂದ ಗುಣಿಸಿ ಗಂಟೆಗೆ ಲೆಕ್ಕ ಹಾಕಿದರೆ 63 ಕಿಲೋಮೀಟರ್! ಅಸಲಿ ಲೋಕೊದ ಎರಡು ಪಟ್ಟು. ನಿಮ್ಮ ಜಿಗಿತದ ಮೂಲ ಇಲ್ಲಿದೆ. 12 ಹಲ್ಲಿನ ಗೇರ್‌ನಿಂದ 20 ಹಲ್ಲಿನದಕ್ಕೆ ಇಳಿಸಿ. ಜೊತೆಗೆ ರೀಚಾರ್ಜ್ ಆಗುವ ಸೆಲ್ ಹಾಕಿ. ಅವು ಒಂದೊಂದೂ 1.2 ವೋಲ್ಟ್, ಆರು ಸೇರಿ 7.2. ಎರಡೂ ಸೇರಿದರೆ ವೇಗ ಸರಿಸುಮಾರು ಗಂಟೆಗೆ 30 ಕಿಲೋಮೀಟರ್‌ಗೆ ಬಂದು ನಿಲ್ಲುತ್ತದೆ. ಅಸಲಿಯ ವೇಗವೂ ಅದೇ. ಎಳೆಯುವ ಬಲವೂ ಹಲ್ಲಿನ ಲೆಕ್ಕದಲ್ಲಿ ಹೆಚ್ಚುತ್ತದೆ.

ಚೈನ್ ಬಗ್ಗೆ ನನ್ನ ಅಭಿಪ್ರಾಯ: ಸಾಧ್ಯ, ಆದರೆ ಸುಲಭವಲ್ಲ. ಕೊಂಡಿಗಳು ಪ್ಲಾಸ್ಟಿಕ್‌ನ ಕಚ್ಚುಗಳು, ಜಗ್ಗಿದರೆ ಬಿಚ್ಚಿಕೊಳ್ಳುತ್ತವೆ. ಆಕ್ಸಲ್ ಅಂತರ ಉಬ್ಬಿನ ಲೆಕ್ಕದಲ್ಲಿ ಬದಲಾಗುತ್ತದೆ, ಚೈನಿನ ಉದ್ದ ಕೊಂಡಿಯ ಲೆಕ್ಕದಲ್ಲಿ. ಎರಡೂ ಕೂಡಿ ಬಿಗಿ ಸರಿಯಾಗಿ ಸಿಗುವುದು ಅಪರೂಪ. ಸಡಿಲವಾದರೆ ಹಲ್ಲು ಹಾರುತ್ತದೆ, ಬಿಗಿಯಾದರೆ ಮೋಟರ್ ಏದುಸಿರು ಬಿಡುತ್ತದೆ.

ಇದಕ್ಕಿಂತ ಗಟ್ಟಿ ದಾರಿ ಎಂದರೆ ಎರಡು ಆಕ್ಸಲ್‌ಗಳ ನಡುವೆ ಉದ್ದಕ್ಕೆ ಒಂದು ಶಾಫ್ಟ್ ಮಲಗಿಸಿ, ಎರಡೂ ತುದಿಗೆ ಬೆವೆಲ್ ಗೇರ್ ಹಾಕುವುದು. ಒಂದು ಎಚ್ಚರ ಬೇಕು. ಮುಂದಿನ ಆಕ್ಸಲ್‌ನ ಗೇರ್ ಶಾಫ್ಟಿನ ಎಡಕ್ಕಿದ್ದರೆ ಹಿಂದಿನದು ಬಲಕ್ಕಿರಬೇಕು. ಎರಡನ್ನೂ ಒಂದೇ ಬದಿಗೆ ಹಾಕಿದರೆ ಒಂದು ಆಕ್ಸಲ್ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಿ ಲೋಕೊ ನಿಂತಲ್ಲೇ ನರಳುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಕಾಗದದ ಮೇಲೆ ಬಾಣ ಬರೆದು ತೋರಿಸುತ್ತೇನೆ. ನಿಮ್ಮ ಮಗಳಿಗೂ ಬರೆದು ತೋರಿಸಿ, ಗೇರ್ ಜೋಡಿಸುವ ಮೊದಲೇ ಅವಳೇ ಉತ್ತರ ಹೇಳುತ್ತಾಳೆ.

ನಿವೃತ್ತ ಶಂಟರ್, ಗುಂತಕಲ್‌ನಿಂದ ಬಂದು ಬಳ್ಳಾರಿಯಲ್ಲಿ ನೆಲೆಸಿರುವವನು

ತಮ್ಮ, ನಿನ್ನ ಪ್ರಶ್ನೆ ಓದಿ ಸಂತೋಷವಾಯಿತು. ಆಟಿಕೆ ಕಟ್ಟುವವರು ಸಾಮಾನ್ಯವಾಗಿ ಕೇಳುವುದು ಎಷ್ಟು ಜೋರಾಗಿ ಓಡುತ್ತದೆ ಎಂದು. ನೀನು ನಿಧಾನ ಕೇಳಿದ್ದೀಯೆ. ಶಂಟಿಂಗ್‌ನ ಪ್ರಾಣವೇ ಅದು. ಯಾರ್ಡಿನಲ್ಲಿ ವ್ಯಾಗನ್‌ಗಳ ನಡುವೆ ಪಾಯಿಂಟ್ಸ್‌ಮನ್ ಕಪ್ಲಿಂಗ್ (ವ್ಯಾಗನ್‌ಗಳನ್ನು ಸೇರಿಸುವ ಕೊಂಡಿ) ಹಿಡಿದು ನಿಂತಿರುತ್ತಾನೆ. ಲೋಕೊ ಒಂದು ಅಡಿ ಹೆಚ್ಚು ಬಂದರೆ ಅವನ ಗತಿ ಏನು? ಕೈಸನ್ನೆ ನೋಡಿಕೊಂಡು ಅಂಗುಲ ಅಂಗುಲವಾಗಿ ತರಬೇಕು.

ಗೇರಿನ ಮಾತು ಮೇಷ್ಟ್ರು ಹೇಳಿದ್ದಾರೆ, ನಾನು ತೂಕದ ಮಾತು ಹೇಳುತ್ತೇನೆ. ನಿನ್ನ ಲೋಕೊದಲ್ಲಿ ಭಾರವಾದ ವಸ್ತು ಬ್ಯಾಟರಿ ಹಬ್. ಆರು ಸೆಲ್‌ಗಳೇ 70 ಗ್ರಾಂ ಹತ್ತಿರ ತೂಗುತ್ತವೆ. ಅದು ಕೂತಿರುವುದು ಮುಂದಿನ ಆಕ್ಸಲ್ ಮೇಲೆ. ತಿರುಗುತ್ತಿರುವುದು ಹಿಂದಿನ ಆಕ್ಸಲ್. ಹೊರುವವನು ಒಬ್ಬ, ಎಳೆಯುವವನು ಇನ್ನೊಬ್ಬ. ಎಳೆಯುವ ಗಾಲಿಯ ಮೇಲೆ ಭಾರವಿಲ್ಲದಿದ್ದರೆ ಹಳಿ ಹಿಡಿತ ಕೊಡುವುದಿಲ್ಲ. ಎರಡೂ ಆಕ್ಸಲ್ ತಿರುಗಿಸು, ಆಗ ಲೋಕೊದ ಒಟ್ಟು ತೂಕ ಎಳೆಯುವ ಕೆಲಸಕ್ಕೆ ಬರುತ್ತದೆ. ಅಸಲಿ ಕ್ಯೋಫ್‌ನಲ್ಲೂ ಎರಡೂ ಆಕ್ಸಲ್‌ಗಳಿಗೆ ಚೈನ್ ಕೊಟ್ಟಿದ್ದರ ಫಲ ಇದೇ. ನಮ್ಮ ಲೋಕೊಗಳಲ್ಲಿ ಗಾಲಿ ಜಾರಿದರೆ ಮರಳು ಬಿಡುತ್ತಿದ್ದೆವು. ಆಟಿಕೆಯಲ್ಲಿ ಆ ಕೆಲಸಕ್ಕೆ ರಬ್ಬರ್ ಉಂಗುರ ಇರುವ ಗಾಲಿ ಹಾಕು. ಇನ್ನೂ ಸಾಲದಿದ್ದರೆ ಕ್ಯಾಬಿನ್ ನೆಲದಡಿ ಕಬ್ಬಿಣದ ನಟ್‌ಗಳನ್ನು ತುಂಬು. ಸೀಸ ಬೇಡ, ಮಗು ಮುಟ್ಟುವ ವಸ್ತು.

ಎಂಜಿನ್ನನ್ನು ಬೈಯುವ ಮೊದಲು ವ್ಯಾಗನ್ ನೋಡು. ಹಳಿಯ ಒಂದು ತುದಿಗೆ ದಪ್ಪ ಪುಸ್ತಕ ಇಟ್ಟು ಇಳಿಜಾರು ಮಾಡಿ ಒಂದೊಂದೇ ವ್ಯಾಗನ್ ಬಿಡು. ತಾನಾಗಿ ಇಳಿಯದೆ ನಿಲ್ಲುವ ವ್ಯಾಗನ್‌ನ ಆಕ್ಸಲ್‌ನಲ್ಲಿ ಕೂದಲೋ ದಾರವೋ ಸುತ್ತಿರುತ್ತದೆ. ನಿನ್ನ ಕಸುಬಿನಲ್ಲಿ ದಾರಕ್ಕೆ ಬರವಿಲ್ಲ. ಇನ್ನೊಂದು ವಿಷಯ ಕೊಂಡಿಯದು. ಹಳೆಯ ಗೂಡ್ಸ್ ಗಾಡಿಗಳ ಕಪ್ಲಿಂಗ್‌ನಲ್ಲಿ ಸಡಿಲ ಇರುತ್ತಿತ್ತು. ಬಫರ್ ಒತ್ತಿಸಿ ನಿಲ್ಲಿಸಿಕೊಂಡು ಹೊರಟರೆ ವ್ಯಾಗನ್‌ಗಳು ಒಂದರ ಹಿಂದೆ ಒಂದು ಕದಲುತ್ತಿದ್ದವು, ಎಂಜಿನ್ ಮೇಲೆ ಎಲ್ಲ ಭಾರ ಒಮ್ಮೆಗೇ ಬೀಳುತ್ತಿರಲಿಲ್ಲ. ಲೆಗೊ ವ್ಯಾಗನ್‌ಗಳ ಆಯಸ್ಕಾಂತದ ಕೊಂಡಿಯಲ್ಲಿ ಆ ಸಡಿಲವಿಲ್ಲ, ಮೂರೂ ಒಟ್ಟಿಗೆ ಕದಲಬೇಕು. ಹೊರಡುವಾಗ ಕಷ್ಟವಾಗುವುದು ಸಹಜ.

ಮುಂದೆ ಎಂದಾದರೂ ನಮ್ಮ ಡಬ್ಲ್ಯುಡಿಎಸ್-4 ಕಟ್ಟು. ಚಿತ್ತರಂಜನ್ ಕಾರ್ಖಾನೆಯಲ್ಲಿ ಕಟ್ಟಿದ ಶಂಟಿಂಗ್ ಲೋಕೊ ಅದು. ಒಳಗಿನ ಡೀಸೆಲ್ ಎಂಜಿನ್ ಜರ್ಮನಿಯ ಮಾಕ್ ಕಂಪನಿಯ ವಿನ್ಯಾಸದ್ದು. ಮೂರು ಆಕ್ಸಲ್, ಹೊರಗಡೆ ಗಾಲಿಗಳನ್ನು ಕೂಡಿಸುವ ಉಕ್ಕಿನ ದಂಡ. ಆ ದಂಡ ಮೇಲೆ ಕೆಳಗೆ ಆಡುವುದನ್ನು ನೋಡುತ್ತ ನಿಂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ.

ಹಲ್ಲುಗಾಲಿ ಮೇಷ್ಟ್ರು, ರಾಯಚೂರು

ಹಿರಿಯರು ಡಬ್ಲ್ಯುಡಿಎಸ್-4 ನೆನಪಿಸಿದ್ದು ಒಳ್ಳೆಯದಾಯಿತು. ಲೆಗೊ ಹಳಿಗಳ ಒಳ ಅಂತರ ಸುಮಾರು 37.5 ಮಿಲಿಮೀಟರ್. 1:48 ಅಳತೆಯಲ್ಲಿ ಅದು 1800 ಮಿಲಿಮೀಟರ್ ಆಗುತ್ತದೆ. ಜರ್ಮನಿಯ ಹಳಿ 1435, ಅಲ್ಲಿಯ ಲೋಕೊಗೆ ಇದು ಕಾಲು ಅಗಲಿಸಿ ನಿಂತಂತೆ. ನಮ್ಮ ಬ್ರಾಡ್‌ಗೇಜ್ 1676. 1:45 ಅಳತೆಯಲ್ಲಿ ಕಟ್ಟಿದರೆ ಲೆಗೊ ಹಳಿ ನಮ್ಮ ಹಳಿಗೆ ಹೆಚ್ಚು ಕಡಿಮೆ ಕರಾರುವಾಕ್ಕಾಗಿ ಹೊಂದುತ್ತದೆ. ಈ ಆಟಿಕೆ ಹಳಿಯ ಮೇಲೆ ಭಾರತದ ಲೋಕೊಗಳೇ ಸರಿಯಾಗಿ ನಿಲ್ಲುತ್ತವೆ. ನಮ್ಮವರು ಅವುಗಳನ್ನು ಇನ್ನೂ ಹೆಚ್ಚು ಕಟ್ಟಬೇಕು ಎಂದು ನನಗೆ ಬಹಳ ಆಸೆ.

ಲೂಪರ್ ಮೆಕ್ಯಾನಿಕ್, ಬಳ್ಳಾರಿ

ಹಿರಿಯರಿಗೂ ಮೇಷ್ಟ್ರಿಗೂ ನಮಸ್ಕಾರ. ಕಾಗದದ ಮೇಲೆ ಬಾಣ ಬರೆದು ಕೊಟ್ಟೆ, ಎರಡೂ ಗೇರ್ ಒಂದೇ ಬದಿಗಿದ್ದರೆ ಜಗಳ ಎಂದು ಮಗಳು ಬೆರಳಿಟ್ಟು ತೋರಿಸಿದಳು. ಶಾಫ್ಟ್ ಮಲಗಿಸಿ, ಎಡಕ್ಕೊಂದು ಬಲಕ್ಕೊಂದು ಬೆವೆಲ್ ಹಾಕಿದ್ದೇವೆ. ಮೋಟರಿನಿಂದ ಶಾಫ್ಟಿಗೆ 12ರಿಂದ 20 ಹಲ್ಲು. ಈಗ ಮೂರು ವ್ಯಾಗನ್‌ಗಳನ್ನೂ ತಿರುವಿನಲ್ಲಿ ಜಾರದೆ ಎಳೆಯುತ್ತದೆ, ಹೊರಡುವಾಗ ಜಿಗಿತವಿಲ್ಲ. ಹಿರಿಯರು ಹೇಳಿದ ಇಳಿಜಾರಿನ ಪರೀಕ್ಷೆಯಲ್ಲಿ ಒಂದು ವ್ಯಾಗನ್ ಕದಲಲೇ ಇಲ್ಲ. ಬಿಚ್ಚಿದರೆ ಆಕ್ಸಲ್ ಸುತ್ತ ನೀಲಿ ಜೀನ್ಸ್ ದಾರ.

ಚೈನನ್ನು ಬಿಡಲು ಮನಸ್ಸು ಒಪ್ಪುತ್ತಿಲ್ಲ. ಶಕ್ತಿಯನ್ನು ಶಾಫ್ಟಿನಿಂದಲೇ ಕೊಟ್ಟು, ಚೈನನ್ನು ಹೊರಗಡೆ ಭಾರವಿಲ್ಲದೆ ಸುಮ್ಮನೆ ಸುತ್ತುವಂತೆ ಹಾಕಿದರೆ ಹೇಗೆ? ಹೊಲಿಗೆ ಯಂತ್ರದ ಎಣ್ಣೆ ಮನೆಯಲ್ಲಿ ಬೇಕಾದಷ್ಟಿದೆ, ಗೇರಿಗೆ ಒಂದು ಹನಿ ಬಿಡಬಹುದೇ?

ಹಲ್ಲುಗಾಲಿ ಮೇಷ್ಟ್ರು, ರಾಯಚೂರು

ಚೈನ್ ಹಾಕಿ. ಭಾರ ಹೊರದ ಚೈನ್ ಸ್ವಲ್ಪ ಸಡಿಲವಿದ್ದರೂ ನಡೆಯುತ್ತದೆ. ಎರಡೂ ಆಕ್ಸಲ್‌ಗೆ ಒಂದೇ ಅಳತೆಯ, 8 ಹಲ್ಲಿನ ಗೇರ್ ಇರಲಿ. ದೊಡ್ಡದಾದರೆ ಚೈನ್ ಗಾಲಿಗಿಂತ ಕೆಳಗಿಳಿದು ಹಳಿಯ ದಿಮ್ಮಿಗೆ ತಾಗುತ್ತದೆ. ಎಣ್ಣೆ ಬೇಡವೇ ಬೇಡ. ನಿಮ್ಮ ಊರಿನ ಅದಿರಿನ ಧೂಳು ಎಣ್ಣೆಗೆ ಅಂಟಿಕೊಂಡರೆ ಅರೆಯುವ ಪುಡಿಯಾಗಿ ಹಲ್ಲುಗಳನ್ನೇ ಸವೆಸುತ್ತದೆ. ಒಣ ಬ್ರಷ್‌ನಿಂದ ಆಗಾಗ ಒರೆಸಿದರೆ ಸಾಕು.

ಕೆಂಪಿಟ್ಟಿಗೆ, ಕೊಪ್ಪಳ

ಕ್ಯಾಬಿನ್‌ನಲ್ಲಿ ಮೋಟರ್ ಇದ್ದೇ ಇರುತ್ತದೆ ಎಂದಾದರೆ, ಅದರ ಸುತ್ತ ಕಪ್ಪು ಇಟ್ಟಿಗೆ ಕಟ್ಟಿ ಕಿಟಕಿಗೆ ಹೊಗೆಬಣ್ಣದ ಗಾಜಿನ ತುಣುಕು ಹಾಕಿ ಅಣ್ಣ. ಚಾಲಕನನ್ನು ಬಾಗಿಲ ಮೆಟ್ಟಿಲ ಮೇಲೆ ಹೊರಗೆ ಬಾಗಿ ನಿಲ್ಲಿಸಿ, ಕೈಸನ್ನೆ ನೋಡುವವನ ಹಾಗೆ. ಮುಗಿದ ಮೇಲೆ ಚಿತ್ರ ಹಾಕಿ, ಮಗ ಕೇಳುತ್ತಿದ್ದಾನೆ.