ಜೀರೋ ಯುದ್ಧವಿಮಾನದ ಬಗ್ಗೆ ಯಾವ ಪುಸ್ತಕ ಮೊದಲು ಓದಬೇಕು?

ರೆಕ್ಕೆಪುಕ್ಕ:
ಎರಡನೇ ಮಹಾಯುದ್ಧದ ಜಪಾನಿ ಯುದ್ಧವಿಮಾನ ಮಿತ್ಸುಬಿಷಿ ಎ6ಎಂ ಜೀರೋ ಬಗ್ಗೆ ಓದಬೇಕು. ಸಾಹಸಕಥೆ ಬೇಡ. ಅಷ್ಟು ಹಗುರವಾಗಿ ಹೇಗೆ ಕಟ್ಟಿದರು, ಆಮೇಲೆ ಯಾಕೆ ಹಿಂದೆ ಬಿತ್ತು ಅನ್ನೋದು ಬೇಕು. ಇಂಗ್ಲಿಷಾದರೂ ಪರವಾಗಿಲ್ಲ. 'ಸಮುರಾಯ್!'ನಿಂದ ಶುರು ಮಾಡಲಾ?

ಬೆಳ್ಳಿಹಕ್ಕಿ:
ಅದು ಮೊದಲಿಗೆ ಬೇಡ. ಓದಿಸಿಕೊಂಡು ಹೋಗುತ್ತೆ, ಆದರೆ ಜೀರೋ ಪೈಲಟ್ ಸಬುರೊ ಸಕಾಯ್ ಕಥೆಗೆ ಸಹಲೇಖಕ ಮಾರ್ಟಿನ್ ಕೇಯ್ಡಿನ್ ಹಚ್ಚಿದ ಬಣ್ಣವೇ ಜಾಸ್ತಿ. 64 ವಿಮಾನ ಬೀಳಿಸಿದ ಲೆಕ್ಕವನ್ನಂತೂ ನಂಬಬೇಡಿ.

ವಿನ್ಯಾಸಕ ಜಿರೊ ಹೊರಿಕೋಶಿಯವರೇ ಬರೆದ 'ಈಗಲ್ಸ್ ಆಫ್ ಮಿತ್ಸುಬಿಷಿ' ತಗೊಳ್ಳಿ. ಇಂಗ್ಲಿಷಿಗೆ ಬಂದದ್ದು 1981ರಲ್ಲಿ. ಎಲಿವೇಟರ್ (ಮೂತಿ ಏರಿಳಿಸುವ ಬಾಲದ ಫಲಕ) ಕೇಬಲ್ಲಿನ ಭಾಗ ಬಂದಾಗ ನಿಧಾನಿಸಿ. ವೇಗ ಹೆಚ್ಚಿದ್ದಾಗ ಸ್ಟಿಕ್ ಚೂರು ಎಳೆದರೂ ವಿಮಾನ ಮೂತಿ ಎತ್ತಿಬಿಡುತ್ತೆ. ಅದಕ್ಕೇ ಹೊರಿಕೋಶಿ ಬೇಕಂತಲೇ ಹಿಗ್ಗುವಂಥ ಕೇಬಲ್ ಹಾಕಿಸಿದರು. ಗಾಳಿಯ ಒತ್ತಡ ಏರಿದಷ್ಟೂ ಕೇಬಲ್ ಹಿಗ್ಗುತ್ತೆ, ಎಲಿವೇಟರ್ ಕಡಿಮೆ ತಿರುಗುತ್ತೆ. ಪೈಲಟ್ ಕೈಗೆ ಎಲ್ಲಾ ವೇಗದಲ್ಲೂ ಹೆಚ್ಚುಕಮ್ಮಿ ಒಂದೇ ಹಿಡಿತ. 1940ರ ಮಾರ್ಚ್‌ನಲ್ಲಿ ಎರಡನೇ ಪರೀಕ್ಷಾ ಮಾದರಿ ಆಕಾಶದಲ್ಲೇ ಚೂರಾದ ತನಿಖೆಯೂ ಅದರಲ್ಲಿದೆ.

ಕಾರ್ಬುರೇಟರ್:
ಎರಡನೆಯದಾಗಿ ರಾಬರ್ಟ್ ಮೈಕೆಶ್ ಅವರ 'ಜೀರೋ' (1994). ಅವರು ಅಮೆರಿಕದ ನ್ಯಾಷನಲ್ ಏರ್ ಆ್ಯಂಡ್ ಸ್ಪೇಸ್ ಮ್ಯೂಸಿಯಂನಲ್ಲಿ ಕ್ಯುರೇಟರ್ ಆಗಿದ್ದವರು. ಮಾದರಿಗಳನ್ನು ಎದುರುಬದುರು ಇಟ್ಟು ನೋಡಿ: ಮೊದಲಿನ ಎ6ಎಂ2ರ ಸಕಾಯೆ 12 ಎಂಜಿನ್ 940 ಅಶ್ವಶಕ್ತಿ, ಆಮೇಲಿನ ಎ6ಎಂ5ರ ಸಕಾಯೆ 21 ಕೇವಲ 1,130. ಅದೇ ಹೊತ್ತಿಗೆ ಎದುರಾಳಿ ಅಮೆರಿಕನ್ ಯುದ್ಧವಿಮಾನ ಹೆಲ್‌ಕ್ಯಾಟ್‌ನದು 2,000! ಹಿಂದೆ ಬಿದ್ದದ್ದು ಅಲ್ಲೇ. ಪೈಲಟ್‌ಗೆ ರಕ್ಷಾಕವಚ, ತೂತು ಬಿದ್ದರೆ ತಾನೇ ಮುಚ್ಚಿಕೊಳ್ಳುವ ಟ್ಯಾಂಕ್ ಸೇರಿಸೋಣವೆಂದರೆ ಆ ಭಾರ ಹೊರುವ ಎಂಜಿನ್ ಇರಲಿಲ್ಲ.

ಬೇರೆ ಯಾವುದೇ ಪುಸ್ತಕ ಕೊಳ್ಳುವ ಮುಂಚೆ ಅಲಾಸ್ಕಾದ ಅಕುಟಾನ್ ದ್ವೀಪದ ಅಧ್ಯಾಯ ತೆರೆದು ನೋಡಿ. 1942ರ ಜೂನ್ 4ರಂದು ಅಲ್ಲಿ ಬಿದ್ದ ಜೀರೋವನ್ನು ಅಮೆರಿಕನ್ನರು ಜುಲೈನಲ್ಲಿ ಪತ್ತೆಹಚ್ಚಿ, ರಿಪೇರಿ ಮಾಡಿ ಹಾರಿಸಿದರು. 200 ನಾಟ್ (ಗಂಟೆಗೆ ಸುಮಾರು 370 ಕಿ.ಮೀ.) ದಾಟಿದರೆ ಏಲರಾನ್ (ವಿಮಾನ ಹೊರಳಿಸುವ ರೆಕ್ಕೆಯ ಫಲಕ) ಬಿಗಿಯಾಗುತ್ತೆ, ಥಟ್ಟನೆ ಮೂತಿ ತಗ್ಗಿಸಿದರೆ ಫ್ಲೋಟ್ ಕಾರ್ಬುರೇಟರ್‌ನಿಂದಾಗಿ ಇಂಧನ ಸಿಗದೆ ಎಂಜಿನ್ ಉಸಿರುಗಟ್ಟುತ್ತೆ ಅಂತ ತಿಳಿಯಿತು. ಆದರೆ 'ಇದನ್ನು ಬಿಚ್ಚಿ ನೋಡಿಯೇ ಹೆಲ್‌ಕ್ಯಾಟ್ ವಿನ್ಯಾಸ ಮಾಡಿದರು' ಎಂದಿದ್ದರೆ ಆ ಪುಸ್ತಕ ವಾಪಸ್ ಇಡಿ. ಹೆಲ್‌ಕ್ಯಾಟ್ ಮೊದಲು ಹಾರಿದ್ದೇ ಜೂನ್ 26ಕ್ಕೆ, ಈ ಜೀರೋ ಸಿಗುವ ಮುಂಚೆ.

ರೆಕ್ಕೆಪುಕ್ಕ:
ಇಂಫಾಲದ ಮೇಲೆ ಹಾರಿದ ಜೀರೋಗಳ ಬಗ್ಗೆ ಇವುಗಳಲ್ಲಿ ಇದೆಯಾ?

ಬೆಳ್ಳಿಹಕ್ಕಿ:
ಜೀರೋ ನೌಕಾಪಡೆಯದು. ಬರ್ಮಾ, ಇಂಫಾಲದ ಕಡೆ ಇದ್ದದ್ದು ಜಪಾನಿ ಭೂಸೇನೆಯ ನಕಾಜಿಮಾ ಕಿ-43. ನೋಡೋಕೆ ಹಾಗೇ ಕಾಣುತ್ತಿದ್ದರಿಂದ ಎದುರಾಳಿ ಪೈಲಟ್‌ಗಳು ಅದನ್ನೂ ಜೀರೋ ಅಂತಲೇ ಬರೆದರು. ನಮ್ಮ ಹತ್ತಿರಕ್ಕೆ ನಿಜವಾದ ಜೀರೋ ಬಂದದ್ದು 1942ರ ಏಪ್ರಿಲ್‌ನಲ್ಲಿ, ಕೊಲಂಬೊ ಮತ್ತು ಟ್ರಿಂಕೋಮಲಿ ದಾಳಿಗೆ. ಜೀರೋ, ಕಿ-43 ಎರಡನ್ನೂ ಬಿಡಿಸಿ ನೋಡಲು ಫ್ರಾನ್ಸಿಯನ್ ಅವರ 'ಜಪಾನೀಸ್ ಏರ್‌ಕ್ರಾಫ್ಟ್ ಆಫ್ ದ ಪೆಸಿಫಿಕ್ ವಾರ್' ಸಾಕು.