‘ಒಂಬೈನೂರು’ ಪದದಲ್ಲಿರುವ ‘ಐ’ ಯಾವುದು?

ಮಂಡ್ಯದಲ್ಲಿ ಮೂರನೆಯ ತರಗತಿ ಓದುತ್ತಿರುವ ನನ್ನ ಮೊಮ್ಮಗಳು ಸಂಖ್ಯೆಗಳನ್ನು ಅಕ್ಷರದಲ್ಲಿ ಬರೆಯುವಾಗ, ‘ಎಂಟುನೂರು’ ಆದ ಮೇಲೆ ‘ಒಂಬತ್ತುನೂರು’ ಎಂದು ಬರೆದಿದ್ದಳು. ಶಾಲೆಯಲ್ಲಿ ಅದನ್ನು ಕೆಂಪು ಶಾಯಿಯಿಂದ ‘ಒಂಬೈನೂರು’ ಎಂದು ತಿದ್ದಿದ್ದರು. ತಿದ್ದಿದ್ದು ಸರಿಯೇ. ಆದರೆ ಅವಳು ಪದದ ಮೊದಲ ಅಕ್ಷರವನ್ನು ಬೆರಳಿನಿಂದ ಮುಚ್ಚಿ, “ತಾತ, ಒಂಬೈನೂರಿನ ಒಳಗೆ ಐನೂರು ಯಾಕಿದೆ?” ಎಂದು ಕೇಳಿದಾಗ ನಾನು ತಕ್ಷಣ ಉತ್ತರ ಹೇಳಲಾರದೆ ಹೋದೆ.

ಆ ‘ಐ’ ಐದಲ್ಲ, ಹತ್ತು ಎಂಬುದು ನನ್ನ ಊಹೆ. ಹಳಗನ್ನಡದ ‘ಪತ್ತು’ ಇಂದು ‘ಹತ್ತು’ ಆಗಿದ್ದರೂ ಸಮಾಸದೊಳಗೆ ಹಳೆಯ ಪಕಾರ ಇನ್ನೂ ಉಳಿದಿದೆ: ‘ಇಪ್ಪತ್ತು’, ‘ಎಪ್ಪತ್ತು’ಗಳಲ್ಲಿ ಹಾಗೆಯೇ, ಅನುನಾಸಿಕದ ನಂತರ ‘ಎಂಬತ್ತು’ ಎಂದು ಬಕಾರವಾಗಿ, ‘ಐವತ್ತು’, ‘ಅರವತ್ತು’ಗಳಲ್ಲಿ ವಕಾರವಾಗಿ. ಇದೇ ಜಾಗದಲ್ಲಿ ತೆಲುಗಿನವರು ‘ಇರವೈ’, ‘ಅರವೈ’, ‘ತೊಂಬೈ’ ಎನ್ನುತ್ತಾರೆ. ಅಲ್ಲಿ ಹತ್ತನ್ನು ಹೇಳುವುದು ಕೊನೆಯ ‘ವೈ’ ಅಥವಾ ‘ಬೈ’. ನಮ್ಮ ‘ಒಂಬೈ’ ಕೂಡ ಅದೇ ಬಗೆಯ ರೂಪವಾಗಿದ್ದರೆ, ‘ಒಂಬತ್ತು’ ಮತ್ತು ‘ಒಂಬೈ’ ಎರಡೂ ಒಂದೇ ಪದದ ಎರಡು ಮುಖಗಳಾಗುತ್ತವೆ.

ಹಾಗಾದರೆ ಒಂಬತ್ತರೊಳಗೆ ಹತ್ತು ಬಂದದ್ದು ಹೇಗೆ? ಹತ್ತಕ್ಕೆ ಒಂದು ಕಡಿಮೆ ಎಂಬುದು ರೂಢಿಯ ವಿವರಣೆ. ಸಂಸ್ಕೃತದ ‘ಏಕೋನವಿಂಶತಿ’, ಹಿಂದಿಯ ‘ಉನ್ನೀಸ್’, ಲ್ಯಾಟಿನ್ನಿನ ‘ಉಂಡೇವಿಗಿಂತಿ’ ಮೂರೂ 19ನ್ನು ಇಪ್ಪತ್ತಕ್ಕೆ ಒಂದು ಕಡಿಮೆ ಎಂದೇ ಹೇಳುವುದರಿಂದ ಈ ಕ್ರಮ ಅಪರೂಪದ್ದೇನೂ ಅಲ್ಲ. ನನ್ನನ್ನು ಹೆಚ್ಚು ಕಾಡುವುದು ‘ತೊಂಬತ್ತು’. ಹಳೆಯ ತಮಿಳಿನಲ್ಲಿ ‘ತೊಂಡು’ ಎಂದರೆ ಒಂಬತ್ತು, ತೆಲುಗಿನಲ್ಲಿ ಇಂದಿಗೂ ‘ತೊಮ್ಮಿದಿ’. ಈ ‘ತೊ’ ಒಂಬತ್ತನ್ನೇ ಸೂಚಿಸುವುದಾದರೆ, ‘ತೊಂಬತ್ತು’ ಎಂಬುದು ಒಂಬತ್ತು ಹತ್ತು ಎಂಬ ನೇರವಾದ ಪದ. ಆದರೆ ತಮಿಳು ಒಂದು ಸ್ಥಾನ ಮೇಲೇರಿ, 90ಕ್ಕೆ ನೂರನ್ನು ಒಳಗೊಂಡ ‘ತೊಣ್ಣೂರು’ ಎಂದೂ 900ಕ್ಕೆ ಸಾವಿರವನ್ನು ಒಳಗೊಂಡ ‘ತೊಳ್ಳಾಯಿರಂ’ ಎಂದೂ ಹೇಳುತ್ತದೆ. ಕನ್ನಡ ಆ ದಾರಿ ಹಿಡಿಯದೆ ತನ್ನ ಹತ್ತನ್ನೂ ನೂರನ್ನೂ ಅವುಗಳ ಜಾಗದಲ್ಲೇ ಉಳಿಸಿಕೊಂಡದ್ದು ನನಗೆ ಬಹಳ ಹಿಡಿಸಿದೆ.

‘ಒಂಬೈ’ ಕುರಿತ ಈ ಊಹೆ ನಿಲ್ಲುತ್ತದೆಯೇ ಎಂಬುದನ್ನು ಹಳಗನ್ನಡ ಶಾಸನಗಳನ್ನು ಓದಿದವರು ದಯವಿಟ್ಟು ತಿಳಿಸಬೇಕು. ಮಳವಳ್ಳಿ, ಪಾಂಡವಪುರ, ನಂಜನಗೂಡಿನ ಕಡೆಯ ಹಿರಿಯರ ಮಾತಿನಲ್ಲಾಗಲಿ ಮನೆಯ ಹಳೆಯ ಲೆಕ್ಕದ ಪುಸ್ತಕಗಳಲ್ಲಾಗಲಿ ‘ಒಂಬತ್ತುನೂರು’ ಎಂಬ ರೂಪವನ್ನು ಯಾರಾದರೂ ಕಂಡಿದ್ದರೆ, ಅದನ್ನೂ ನಾನು ಮೊಮ್ಮಗಳಿಗೆ ತೋರಿಸಬೇಕೆಂದಿದ್ದೇನೆ.